‘ಯಾರು ನೋಡ್ತಾರೆ ಇದನ್ನ?’: ಮಹಿಳಾ ಫುಟ್‌ಬಾಲ್ ಪ್ರಸಾರದ ಬಗ್ಗೆ ಒಬ್ಬ ತಾಯಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಶಿವಮೊಗ್ಗದ ಕಡೆಯವರು, ಇಂಗ್ಲೆಂಡಿನ ರೆಡಿಂಗ್ ಊರಿಗೆ ಬಂದು ಹನ್ನೆರಡು ವರ್ಷವಾಯಿತು. ಹತ್ತು ವರ್ಷದ ಮಗಳು ಇಲ್ಲಿನ ಮಕ್ಕಳ ಕ್ಲಬ್ಬೊಂದರಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಫುಟ್‌ಬಾಲ್ ಆಡುತ್ತಾಳೆ. 2025ರಲ್ಲಿ ಇಂಗ್ಲೆಂಡ್ ಮಹಿಳೆಯರು ಯೂರೊ (ಯುರೋಪಿನ ದೇಶಗಳ ಟೂರ್ನಿ) ಗೆದ್ದ ದಿನ ನಮ್ಮ ಮನೆಯಲ್ಲಿ ಹಬ್ಬ. ಆದರೆ ಮಾಮೂಲಿ ದಿನಗಳಲ್ಲಿ ಮಹಿಳಾ ಲೀಗ್ ಪಂದ್ಯ ಹಾಕಿದರೆ ನಮ್ಮ ಯಜಮಾನರು, ‘ಯಾರು ನೋಡ್ತಾರೆ ಇದನ್ನ? ಬಿಬಿಸಿಯವರು ಸುಮ್ಮನೆ ತುರುಕ್ತಿದ್ದಾರೆ’ ಅನ್ನುತ್ತಾರೆ. ಅವರ ಆಫೀಸಿನಲ್ಲೂ ಗಂಡಸರ ಮಾತು ಇದೇ ಅಂತೆ. ಮೊನ್ನೆ ಮಗಳು ಕೇಳಿದಳು, ‘ಅಮ್ಮಾ, ನಮ್ಮ ಆಟ ಯಾರಿಗೂ ಬೇಡ್ವಾ?’ ಅಂತ. ಜನರಿಗೆ ಬೇಡದ್ದನ್ನು ಮಾಧ್ಯಮದವರು ನಿಜವಾಗಿಯೂ ಹೇರುತ್ತಿದ್ದಾರಾ? ಅವಳಿಗೆ ಏನು ಹೇಳಲಿ?

ಉತ್ತರ:

ಇಲ್ಲ, ಹೇರುತ್ತಿಲ್ಲ. ಮೊದಲು ಇಷ್ಟು ಹೇಳಿ ಮುಂದಕ್ಕೆ ಹೋಗುತ್ತೇನೆ. ಹಾಗಂತ ನಿಮ್ಮ ಯಜಮಾನರ ಗೊಣಗಾಟವನ್ನು ಪೂರ್ತಿ ತಳ್ಳಿಹಾಕುವುದೂ ನನ್ನಿಂದಾಗದು. ಅದರಲ್ಲಿ ಒಂದು ಪಾಲು ನ್ಯಾಯವಿದೆ, ಅದು ಯಾವುದು ಅಂತ ಆಮೇಲೆ ಹೇಳುತ್ತೇನೆ.

ಅಂಕಿಗಳಿಂದ ಶುರು ಮಾಡೋಣ, ಆಫೀಸಿನ ವಾದಕ್ಕೆ ಅವು ಬೇಕಾಗುತ್ತವೆ. 2019ರ ವಿಶ್ವಕಪ್ ಸೆಮಿಫೈನಲ್, ಇಂಗ್ಲೆಂಡ್–ಅಮೆರಿಕ ಪಂದ್ಯವನ್ನು ಬಿಬಿಸಿಯಲ್ಲಿ ಒಂದು ಹೊತ್ತಿನಲ್ಲಿ 1.17 ಕೋಟಿ ಜನ ನೋಡುತ್ತಿದ್ದರು. 2022ರ ಜುಲೈ 31ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಜರ್ಮನಿಯನ್ನು 2–1ರಿಂದ ಸೋಲಿಸಿದ ಯೂರೊ ಫೈನಲ್‌ಗೆ ಬಿಬಿಸಿ ಒಂದರಲ್ಲೇ 1.74 ಕೋಟಿ. ಮೈದಾನದಲ್ಲಿದ್ದವರು 87,192. 2025ರಲ್ಲಿ ಬಾಸೆಲ್‌ನಲ್ಲಿ ಸ್ಪೇನ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದಾಗ ಬಿಬಿಸಿ, ಐಟಿವಿ ಎರಡೂ ಸೇರಿ 1.62 ಕೋಟಿ. ರಿಮೋಟ್ ನಮ್ಮ ಕೈಯಲ್ಲಿರುವಾಗ ಯಾರೂ ಬಲವಂತಕ್ಕೆ ಎರಡು ಗಂಟೆ ಕೂರುವುದಿಲ್ಲ.

‘ಅದು ಫೈನಲ್ಲು, ದೇಶದ ಬಾವುಟ ಇದ್ದರೆ ಯಾರಾದರೂ ನೋಡುತ್ತಾರೆ’ ಅಂತ ಯಜಮಾನರು ಹೇಳಿಯೇ ಹೇಳುತ್ತಾರೆ. ಹೇಳಲಿ, ಮಾತು ಸರಿಯಾಗಿದೆ. ತಕರಾರು ಇರುವುದು ಮಾಮೂಲಿ ವಾರದ ಲೀಗ್ ಪಂದ್ಯಕ್ಕೆ, ಪತ್ರಿಕೆಯ ಒಳಪುಟದ ವರದಿಗೆ, ಮೊಬೈಲಿಗೆ ಬಂದು ಬೀಳುವ ಸುದ್ದಿಗೆ. ಅಂದಹಾಗೆ, 2025–26ರ ಋತುವಿನಿಂದ ಇಂಗ್ಲೆಂಡಿನ ಅಗ್ರ ಲೀಗ್ ಆದ ಮಹಿಳಾ ಸೂಪರ್ ಲೀಗ್‌ನ ಹೆಚ್ಚಿನ ಪಂದ್ಯಗಳು ಬರುವುದು ದುಡ್ಡು ಕೊಟ್ಟು ನೋಡುವ ಸ್ಕೈ ವಾಹಿನಿಯಲ್ಲಿ. ಬಿಬಿಸಿಯ ಪಾಲಿಗೆ ಸಿಗುವುದು ಕೆಲವೇ ಪಂದ್ಯ. ತುರುಕುವ ಆರೋಪ ಮಾತ್ರ ಬಿಬಿಸಿಯ ತಲೆಗೆ ಬರುತ್ತದೆ, ಅದು ನಡೆಯುವುದು ಮನೆಮನೆಯಿಂದ ಕಟ್ಟುವ ಟಿ.ವಿ. ಲೈಸೆನ್ಸ್ ಶುಲ್ಕದಿಂದಲ್ಲವೇ, ‘ನಮ್ಮ ದುಡ್ಡು’ ಅನ್ನುವ ಸಿಟ್ಟು ಸುಲಭ.

ಈಗ ಹಳೆಯ ಕಥೆ ಒಂದು ಹೇಳುತ್ತೇನೆ. ಇದು ಗೊತ್ತಿಲ್ಲದೆ ಇಂಗ್ಲೆಂಡಿನ ಈ ಜಗಳ ಅರ್ಥವಾಗುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಪ್ರೆಸ್ಟನ್ ಊರಿನ ಡಿಕ್, ಕೆರ್ ಕಾರ್ಖಾನೆಯಲ್ಲಿ ಮದ್ದುಗುಂಡು ತಯಾರಿಸುತ್ತಿದ್ದ ಹೆಣ್ಣುಮಕ್ಕಳು ಒಂದು ಫುಟ್‌ಬಾಲ್ ತಂಡ ಕಟ್ಟಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಅವರು ಸೇಂಟ್ ಹೆಲೆನ್ಸ್ ತಂಡದ ಜೊತೆ ಆಡಿದಾಗ ಒಳಗೆ ಸುಮಾರು 53,000 ಜನ. ಜಾಗ ಸಿಗದೆ ಹೊರಗೆ ಉಳಿದವರು ಇನ್ನೂ ಸಾವಿರಾರು. ಟಿ.ವಿ. ಇಲ್ಲ, ಜಾಹೀರಾತಿನ ಅಬ್ಬರ ಇಲ್ಲ, ಕ್ರಿಸ್‌ಮಸ್ ಮರುದಿನದ ಚಳಿ ಬೇರೆ. ಆ ತಂಡದ ಲಿಲಿ ಪಾರ್ ಹೆಸರು ಊರೂರಿಗೆ ಗೊತ್ತಿತ್ತು. ಒಂದು ವರ್ಷ ತುಂಬುವ ಮೊದಲೇ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಒಂದು ಠರಾವು ಮಾಡಿತು: ಈ ಆಟ ಹೆಂಗಸರಿಗೆ ಒಗ್ಗುವುದಲ್ಲ, ಅದಕ್ಕೆ ಪ್ರೋತ್ಸಾಹ ಸಲ್ಲದು, ಸದಸ್ಯ ಕ್ಲಬ್‌ಗಳು ತಮ್ಮ ಮೈದಾನ ಕೊಡಬಾರದು. ಆ ಬಾಗಿಲು ಸುಮಾರು ಅರ್ಧ ಶತಮಾನ ಮುಚ್ಚಿಯೇ ಇತ್ತು. 1971ರ ಹೊತ್ತಿಗೆ ಅದು ತೆರೆದಾಗ ಗುಡಿಸನ್ ಪಾರ್ಕ್‌ನಲ್ಲಿ ಕುಳಿತು ಚಪ್ಪಾಳೆ ತಟ್ಟಿದವರ ಮೊಮ್ಮಕ್ಕಳೇ ದೊಡ್ಡವರಾಗಿದ್ದರು.

ಹಾಗಾಗಿ ‘ಜನ ನೋಡಲಿಲ್ಲ, ಅದಕ್ಕೇ ಬೆಳೆಯಲಿಲ್ಲ’ ಅನ್ನುವವರಿಗೆ ನಾನು ಈ ಎರಡು ತಾರೀಕು ಹೇಳುತ್ತೇನೆ. ಜನ ನೋಡುತ್ತಿದ್ದರು. ನಿಲ್ಲಿಸಿದ್ದು ಮೇಜಿನ ಸುತ್ತ ಕುಳಿತ ಒಂದು ಸಮಿತಿ. ಅಪ್ಪ ಮಗಳನ್ನು, ಅಜ್ಜ ಮೊಮ್ಮಗನನ್ನು ಕೈಹಿಡಿದು ಮೈದಾನಕ್ಕೆ ಕರೆದೊಯ್ಯುವ ರೂಢಿ ಎರಡು ತಲೆಮಾರು ಕಡಿದುಹೋಯಿತು. ಗಂಡಸರ ಕ್ಲಬ್‌ಗಳಿಗೆ ಆ ರೂಢಿ ಒಂದು ದಿನವೂ ತಪ್ಪಲಿಲ್ಲ. ಈ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ, ‘ನೋಡಿ, ಇದಕ್ಕೆ ಬೇಡಿಕೆ ಇಲ್ಲ’ ಅಂದರೆ ಅದು ನ್ಯಾಯದ ಅಳತೆಯಲ್ಲ.

ಬೇಡಿಕೆ ಇಲ್ಲ ಅನ್ನುವ ಮಾತನ್ನು ನಾನೂ ವರ್ಷಗಟ್ಟಲೆ ಆಡಿದ್ದೇನೆ. ಕನ್ನಡ ದಿನಪತ್ರಿಕೆಯೊಂದರ ಕ್ರೀಡಾ ಡೆಸ್ಕ್‌ನಲ್ಲಿ ಕೆಲಸ ಮಾಡಿದವಳು ನಾನು. 2014ರ ನವೆಂಬರ್‌ನ ಒಂದು ರಾತ್ರಿ ಚೆನ್ನಾಗಿ ನೆನಪಿದೆ. ಇಸ್ಲಾಮಾಬಾದ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 6–0ಯಿಂದ ಬಡಿದು ದಕ್ಷಿಣ ಏಷ್ಯಾ ಚಾಂಪಿಯನ್ ಆಗಿದ್ದರು, ಅದೂ ಸತತ ಮೂರನೇ ಸಲ. ಸುದ್ದಿ ಏಜೆನ್ಸಿಯ ವರದಿ ಬಂದಾಗ ಪುಟ ಹೆಚ್ಚುಕಡಿಮೆ ಕಟ್ಟಿಯಾಗಿತ್ತು. ಮೇಲೆ ಕ್ರಿಕೆಟ್, ಪಕ್ಕದಲ್ಲಿ ಕ್ರಿಕೆಟ್, ಕೆಳಗೆ ಟೆನಿಸ್. ಪುಟ ವಿನ್ಯಾಸದ ಹುಡುಗ ಕೂಗಿದ, ‘ಮೇಡಂ, ಬಲಗಡೆ ಕೆಳಗೆ ಸಿಂಗಲ್ ಕಾಲಂ ಏಳು ಸೆಂಟಿಮೀಟರ್ ಉಳೀತು, ಏನಾದ್ರೂ ಕೊಡಿ’. ನಾನು ಆ ಸುದ್ದಿಯನ್ನು ಏಳು ಸೆಂಟಿಮೀಟರಿಗೆ ಕತ್ತರಿಸಿ ಕೊಟ್ಟೆ. ಆರು ಗೋಲು, ಏಳು ಸೆಂಟಿಮೀಟರು. ಯಾರು ಯಾವ ಗೋಲು ಹೊಡೆದರು ಅನ್ನುವುದು ಕತ್ತರಿಯಲ್ಲಿ ಹೋಯಿತು. ಫೋಟೊ ಹಾಕಲಿಲ್ಲ. ಮರುದಿನ ಒಬ್ಬ ಓದುಗರೂ ಫೋನ್ ಮಾಡಿ ‘ಯಾಕ್ರೀ ಇಷ್ಟೇ?’ ಅಂತ ಕೇಳಲಿಲ್ಲ. ಸಂಜೆ ಮೀಟಿಂಗ್‌ನಲ್ಲಿ ನಾವು ಅದನ್ನೇ ಸಾಕ್ಷಿ ಮಾಡಿಕೊಂಡೆವು: ‘ನೋಡಿ, ಯಾರೂ ಕೇಳಲಿಲ್ಲ.’

ಆಮೇಲೆ ಯೋಚಿಸಿದರೆ, ಕೇಳುವುದು ಹೇಗೆ? ಆಟಗಾರ್ತಿಯ ಹೆಸರೇ ಗೊತ್ತಿಲ್ಲದವರು ಅವಳು ಎಲ್ಲಿ ಅಂತ ಕೇಳುತ್ತಾರಾ? ಕ್ರಿಕೆಟ್ಟಿಗನಾದರೆ ಅವನ ಮೊಣಕಾಲು ನೋವಿನಿಂದ ಹಿಡಿದು ಅವನ ತಾಯಿಯ ಅಡುಗೆಯ ತನಕ ಬರೆದು, ಓದುಗರಿಗೆ ಅವನನ್ನು ಮನೆಮಗನ ಹಾಗೆ ಮಾಡಿಟ್ಟಿರುತ್ತೇವೆ. ಅವನು ಒಂದು ದಿನ ಪುಟದಲ್ಲಿ ಇಲ್ಲದಿದ್ದರೆ ಫೋನ್ ಬರುತ್ತದೆ. ಆಸಕ್ತಿ ಅನ್ನುವುದು ಆಕಾಶದಿಂದ ಇಳಿಯುವುದಲ್ಲ, ದಿನದಿನ ನೀರು ಹೊಯ್ದಲ್ಲಿ ಮೊಳೆಯುತ್ತದೆ. 2025ರ ಜುಲೈನಲ್ಲಿ ಭಾರತದ ಹುಡುಗಿಯರು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು 2–1ರಿಂದ ಸೋಲಿಸಿದರು. ಎರಡೂ ಗೋಲು ಸಂಗೀತಾ ಬಸ್ಫೋರ್ ಅವರದು. ಅರ್ಹತಾ ಸುತ್ತು ಆಡಿ ಗೆದ್ದು ಏಷ್ಯಾ ಕಪ್‌ಗೆ ಹೋದದ್ದು ಭಾರತಕ್ಕೆ ಅದೇ ಮೊದಲು. ಆ ಹೆಸರನ್ನು ನಮ್ಮೂರಿನ ಎಷ್ಟು ಮನೆಗಳಲ್ಲಿ ಗುರುತಿಸುತ್ತಾರೆ, ನೀವೇ ಊಹಿಸಿ.

ಅಮೆರಿಕದಲ್ಲಿ ಕೆಲವು ಸಂಶೋಧಕರು 1989ರಿಂದ ಟಿ.ವಿ. ಕ್ರೀಡಾ ಸುದ್ದಿಯನ್ನು ಗಡಿಯಾರ ಹಿಡಿದು ಅಳೆಯುತ್ತ ಬಂದಿದ್ದಾರೆ. ಎಲ್ಲ ಆಟ ಸೇರಿಸಿ ಮಹಿಳೆಯರಿಗೆ ಸಿಕ್ಕ ಹೊತ್ತು 1989ರಲ್ಲಿ ಸುಮಾರು ಶೇ 5. ಮೂವತ್ತು ವರ್ಷ ಕಳೆದು 2019ರಲ್ಲಿ ಶೇ 5.4. ಅದೇ ಸಂಶೋಧಕರು ಗಮನಿಸಿದ ಇನ್ನೊಂದು ಸಂಗತಿ ನನಗೆ ಇನ್ನೂ ಮುಖ್ಯ. ಹಿಂದೆ ಆಟಗಾರ್ತಿಯರನ್ನು ಗೇಲಿ ಮಾಡುತ್ತಿದ್ದರು, ಮೈಮಾಟದ ಬಗ್ಗೆ ಮಾತಾಡುತ್ತಿದ್ದರು. ಅದು ಕಡಿಮೆಯಾಯಿತು. ಅದರ ಬದಲಿಗೆ ಬಂದದ್ದು ಉಪ್ಪು ಖಾರ ಇಲ್ಲದ ವರದಿ. ಗಂಡಸರ ಗೋಲಿಗೆ ನಿರೂಪಕ ಕುರ್ಚಿಯಿಂದ ಎದ್ದು ಕೂಗುತ್ತಾನೆ, ಹೆಂಗಸರ ಗೋಲನ್ನು ಹವಾಮಾನ ವರದಿಯ ಹಾಗೆ ಓದುತ್ತಾನೆ. ಕೇಳಿದವನಿಗೆ ‘ಆಟವೇ ಸಪ್ಪೆ’ ಅನ್ನಿಸುತ್ತದೆ.

‘ಆದರೂ ಆಟದ ಮಟ್ಟ ಅಷ್ಟಿಲ್ಲವಲ್ಲ’ ಅನ್ನುವುದು ಮುಂದಿನ ಮಾತು. ಇದಕ್ಕೆ ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಚೆಂದದ ಪ್ರಯೋಗ ಮಾಡಿ 2023ರಲ್ಲಿ ಪ್ರಕಟಿಸಿದರು. 613 ಜನರಿಗೆ ಮೇಲ್ದರ್ಜೆಯ ಫುಟ್‌ಬಾಲ್‌ನ ಗೋಲುಗಳ ವಿಡಿಯೊ ತೋರಿಸಿ ಅಂಕ ಕೊಡಿ ಅಂದರು. ಒಂದು ಗುಂಪಿಗೆ ಇದ್ದ ಹಾಗೇ ತೋರಿಸಿದರು. ಇನ್ನೊಂದು ಗುಂಪಿಗೆ ಆಡುವವರು ಗಂಡೋ ಹೆಣ್ಣೋ ತಿಳಿಯದಂತೆ ಮಸುಕು ಮಾಡಿ ತೋರಿಸಿದರು. ಇದ್ದ ಹಾಗೇ ನೋಡಿದವರು ಗಂಡಸರ ಗೋಲಿಗೆ ಹೆಚ್ಚು ಅಂಕ ಕೊಟ್ಟರು. ಮಸುಕು ಮಾಡಿದ್ದನ್ನು ನೋಡಿದವರ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಇದರಿಂದ ತೊಂಬತ್ತು ನಿಮಿಷದ ಪಂದ್ಯಗಳೆಲ್ಲ ಒಂದೇ ಸಮ ಅಂತ ಸಾಬೀತಾಗುವುದಿಲ್ಲ. ಓಟದ ವೇಗ, ಕಾಲಿನ ಬಲ ಬೇರೆ ಇದ್ದೇ ಇದೆ. ಆದರೆ ‘ಮಟ್ಟ’ ಅಂತ ನಾವು ಕರೆಯುವುದರಲ್ಲಿ ಎಷ್ಟು ಪಾಲು ಕಣ್ಣಿನದು, ಎಷ್ಟು ಪಾಲು ಮೊದಲೇ ಮನಸ್ಸಿನಲ್ಲಿ ಕೂತದ್ದು ಅಂತ ಇದು ತೋರಿಸುತ್ತದೆ.

ಕ್ಯಾಮೆರಾದ ವಿಷಯವೂ ಇದೆ, ಇದನ್ನು ಹೊರಗಿನವರು ಗಮನಿಸುವುದು ಕಡಿಮೆ. ಮುಂದಿನ ಸಲ ಯಜಮಾನರು ಪಂದ್ಯ ನೋಡುವಾಗ ನೀವು ಚೆಂಡನ್ನು ಬಿಟ್ಟು ಪರದೆಯನ್ನು ನೋಡಿ. ಗಂಡಸರ ಪ್ರೀಮಿಯರ್ ಲೀಗ್ ಪಂದ್ಯವಾದರೆ ಮುಖ್ಯ ಕ್ಯಾಮೆರಾ ಎತ್ತರದ ಸ್ಟ್ಯಾಂಡಿನ ಮೇಲೆ ಇರುತ್ತದೆ. ಅಲ್ಲಿಂದ ಮೈದಾನ ಚದುರಂಗದ ಮಣೆಯ ಹಾಗೆ ಬಿಡಿಸಿಕೊಳ್ಳುತ್ತದೆ, ಯಾರು ಖಾಲಿ ಜಾಗಕ್ಕೆ ಓಡಿದರು, ಪಾಸ್ ಯಾಕೆ ಆ ಕಡೆ ಹೋಯಿತು, ಎಲ್ಲವೂ ಕಾಣುತ್ತದೆ. ಗೋಲ್ ಹಿಂದೆ, ಅಂಚಿನಲ್ಲಿ, ಮೇಲೆ ಅಂತ ಇಪ್ಪತ್ತಕ್ಕೂ ಹೆಚ್ಚು ಕ್ಯಾಮೆರಾ. ಗೋಲಾದ ಕೂಡಲೇ ಐದಾರು ಕೋನದಿಂದ ಮರುದೃಶ್ಯ, ಜನರ ಕೂಗನ್ನು ಹಿಡಿಯಲು ಮೈಕು. ಮಹಿಳಾ ಲೀಗ್‌ನ ಸಣ್ಣ ಮೈದಾನದಲ್ಲಿ ಸ್ಟ್ಯಾಂಡೇ ತಗ್ಗು. ಕ್ಯಾಮೆರಾ ಕೆಳಗೆ ಕೂತರೆ ಆಟಗಾರ್ತಿಯರು ಒಬ್ಬರ ಹಿಂದೆ ಒಬ್ಬರು ಅಡಗಿ ಗುಂಪುಗುಂಪಾಗಿ ಕಾಣುತ್ತಾರೆ, ನಲವತ್ತು ಗಜದ ಪಾಸು ನಾಲ್ಕು ಹೆಜ್ಜೆಯದ್ದಾಗಿ ಕಾಣುತ್ತದೆ. ಮರುದೃಶ್ಯ ಒಂದೋ ಎರಡೋ. ಎದುರಿನ ಖಾಲಿ ಕುರ್ಚಿಗಳು ಇಡೀ ಹೊತ್ತು ಕಣ್ಣಿಗೆ ಹೊಡೆಯುತ್ತವೆ. ಅದೇ ಆಟಗಾರ್ತಿಯರು ಆರ್ಸೆನಲ್‌ನ ಎಮಿರೇಟ್ಸ್ ಮೈದಾನದಲ್ಲಿ ಆಡುವುದನ್ನು ನೋಡಿ. 2024ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಲೀಗ್ ಪಂದ್ಯಕ್ಕೆ ಅಲ್ಲಿ 60,160 ಜನ ಸೇರಿದ್ದರು, ಫೈನಲ್ಲೂ ಅಲ್ಲ, ಬಾವುಟವೂ ಇಲ್ಲ. ಪರದೆಯ ಮೇಲೆ ಆಟವೇ ಬೇರೆಯಾಗಿ ಕಾಣುತ್ತದೆ.

ಇನ್ನು ಗಂಡಸರ ಮಾತು. ಡರಮ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಬ್ರಿಟನ್ನಿನ 1,950 ಗಂಡು ಫುಟ್‌ಬಾಲ್ ಅಭಿಮಾನಿಗಳ ಸಮೀಕ್ಷೆಯೊಂದು ನಡೆದು, 2022ರಲ್ಲಿ ಪ್ರಕಟವಾಯಿತು. ಮಹಿಳಾ ಕ್ರೀಡೆಯ ಬಗ್ಗೆ, ಅದಕ್ಕೆ ಸಿಗುವ ಪ್ರಸಾರದ ಬಗ್ಗೆ ಅವರ ಉತ್ತರಗಳು ಮೂರು ಬಗೆಯವು. ಮಹಿಳೆಯರಿಗೆ ಸಮಾನ ಗೌರವ, ಹೆಚ್ಚು ಪ್ರಸಾರ ಬೇಕು ಅನ್ನುವವರು ಒಂದು. ಬಹಿರಂಗವಾಗಿ ಹೀಗಳೆಯುವವರು ಇನ್ನೊಂದು. ಹೊರಗೆ ಹೌದಪ್ಪ ಅಂತ ಒಳಗೆ ಬೇಡ ಅನ್ನುವವರು ಮೂರನೆಯದು. ಬಹಿರಂಗವಾಗಿ ಹೀಗಳೆಯುವವರೇ ಹೆಚ್ಚು ಅಂತ ಕಂಡುಬಂತು. ಸುದ್ದಿಯಾದದ್ದೂ ಅದೇ. ಆದರೆ ಮೊದಲ ಬಗೆಯವರು ಸಂಶೋಧಕರು ಎಣಿಸಿದ್ದಕ್ಕಿಂತ ಹೆಚ್ಚಿದ್ದರು ಅನ್ನುವುದನ್ನೂ ಮರೆಯಬಾರದು. 2015ರ ವಿಶ್ವಕಪ್‌ನಂಥ ಟೂರ್ನಿಗಳನ್ನು ಟಿ.ವಿ.ಯಲ್ಲಿ ನೋಡಿದ್ದೇ ಮನಸ್ಸು ಬದಲಾಯಿಸಿತು ಅನ್ನುವ ಮಾತು ಅವರಿಂದ ಬಂದಿತ್ತು.

‘ತುರುಕ್ತಿದ್ದಾರೆ’ ಅನ್ನುವ ಪದವನ್ನು ಸ್ವಲ್ಪ ಹಿಡಿದು ನೋಡಿ. ಇಷ್ಟವಿಲ್ಲದ ಕಾರ್ಯಕ್ರಮ ಟಿ.ವಿ.ಯಲ್ಲಿ ದಿನಾ ನೂರಾರು ಬರುತ್ತವೆ. ಅಡುಗೆ, ಹರಾಜು, ತೋಟಗಾರಿಕೆ, ಯಾವುದನ್ನೂ ತುರುಕಿದರು ಅನ್ನುವುದಿಲ್ಲ, ಚಾನೆಲ್ ಬದಲಿಸುತ್ತೇವೆ. ಈ ಪದ ಬರುವುದು ತನ್ನದು ಅಂದುಕೊಂಡ ಜಗುಲಿಯಲ್ಲಿ ಇನ್ನೊಬ್ಬರು ಬಂದು ಕೂತಾಗ. ಶನಿವಾರದ ಫುಟ್‌ಬಾಲ್ ಅನೇಕ ಗಂಡಸರಿಗೆ ಅಪ್ಪನಿಂದ ಬಂದ ಜಗುಲಿ. ನಿಮ್ಮ ಯಜಮಾನರು ಹೊರನಾಡಿನಲ್ಲಿ ಕಷ್ಟಪಟ್ಟು ಆ ಜಗುಲಿಯಲ್ಲಿ ಒಂದು ಜಾಗ ಗಿಟ್ಟಿಸಿಕೊಂಡಿರಬಹುದು, ಆಫೀಸಿನ ಮಾತಿಗೆ ಸೇರಿಕೊಳ್ಳಲು ಇದೊಂದು ದಾರಿ. ನಾನು ಅವರನ್ನು ದೂರುತ್ತಿಲ್ಲ. ಅವರ ಜೊತೆ ಮಾತಾಡುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಅಂಕಿ ಎಸೆದು ಜಗಳ ಗೆಲ್ಲುವುದಕ್ಕಿಂತ ಅದು ಉಪಯೋಗಕ್ಕೆ ಬರುತ್ತದೆ.

ಅವರ ಪಾಲಿನ ನ್ಯಾಯ ಯಾವುದು ಅಂತ ಹೇಳುತ್ತೇನೆ ಅಂದಿದ್ದೆನಲ್ಲ. ಮಹಿಳಾ ಫುಟ್‌ಬಾಲ್ ಬಗ್ಗೆ ಮಾಧ್ಯಮದವರು ಬಹಳ ಸಲ ಸಕ್ಕರೆ ಸುರಿದು ಮಾತಾಡುತ್ತಾರೆ. ಪ್ರತಿ ಆಟಗಾರ್ತಿಯೂ ಸ್ಫೂರ್ತಿ, ಪ್ರತಿ ಪಂದ್ಯವೂ ಇತಿಹಾಸ. ಗೋಲ್‌ಕೀಪರ್ ಸುಲಭದ ಚೆಂಡು ಕೈಬಿಟ್ಟರೆ ಅದನ್ನು ಹೇಳಲು ಹಿಂಜರಿಕೆ. ಇದು ನೋಡುಗನಿಗೆ ತಿಳಿಯುತ್ತದೆ, ತನಗೆ ಪಾಠ ಹೇಳುತ್ತಿದ್ದಾರೆ ಅನ್ನಿಸಿ ಸಿಟ್ಟು ಬರುತ್ತದೆ. 2015ರಲ್ಲಿ ಇಂಗ್ಲೆಂಡ್ ತಂಡ ಕೆನಡಾದಿಂದ ಕಂಚು ಗೆದ್ದು ಮರಳಿದಾಗ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಟ್ವಿಟರ್ ಖಾತೆ, ಇವರು ಇನ್ನು ತಾಯಿ, ಸಂಗಾತಿ, ಮಗಳಾಗಿ ಮನೆಗೆ ಮರಳುತ್ತಾರೆ, ಆದರೆ ಈಗ ವೀರರೂ ಹೌದು ಅನ್ನುವರ್ಥದ ಸಾಲು ಬರೆಯಿತು. ಬೈಗುಳ ಬಿದ್ದ ಮೇಲೆ ಅಳಿಸಿತು. ಹೊಗಳಿಕೆಯೇ, ಆದರೆ ಆಟ ಎಲ್ಲಿ? ವಿಶ್ವಕಪ್ಪಿನಿಂದ ಮರಳಿದ ಗಂಡಸರ ತಂಡಕ್ಕೆ ‘ಇನ್ನು ಅಪ್ಪಂದಿರಾಗಿ ಮನೆಗೆ’ ಅಂತ ಯಾರಾದರೂ ಬರೆದದ್ದುಂಟೇ?

ಕಟುವಾಗಿ ವಿಮರ್ಶೆ ಮಾಡುವುದು ಆಟಕ್ಕೆ ಕೊಡುವ ಮರ್ಯಾದೆ. 2025ರ ಯೂರೊದ ಮೊದಲ ಪಂದ್ಯದಲ್ಲಿ ಫ್ರಾನ್ಸ್ ಎದುರು 1–2ರಿಂದ ಸೋತಾಗ ಇಂಗ್ಲೆಂಡಿನ ರಕ್ಷಣಾ ಸಾಲನ್ನು ಪತ್ರಿಕೆಗಳು ತರಾಟೆಗೆ ತೆಗೆದುಕೊಂಡವು. ಅದು ಒಳ್ಳೆಯ ಲಕ್ಷಣ ಅಂತಲೇ ನನ್ನ ಅಭಿಪ್ರಾಯ. ಅದೇ ಟೂರ್ನಿಯಲ್ಲಿ ರಕ್ಷಣಾ ಆಟಗಾರ್ತಿ ಜೆಸ್ ಕಾರ್ಟರ್ ಮೇಲೆ ಜಾಲತಾಣಗಳಲ್ಲಿ ಬಂದದ್ದು ವಿಮರ್ಶೆಯಲ್ಲ, ಮೈಬಣ್ಣ ಹಿಡಿದು ಮಾಡಿದ ನಿಂದನೆ. ಆಕೆ ತಮ್ಮ ಖಾತೆಗಳಿಂದ ದೂರ ಸರಿಯಬೇಕಾಯಿತು, ಆಮೇಲೆ ಫೈನಲ್ ಆಡಿ ಕಪ್ ಎತ್ತಿದರು. ಮಗಳಿಗೆ ಈ ಎರಡರ ವ್ಯತ್ಯಾಸವನ್ನು ಈಗಲೇ ಹೇಳಿಕೊಡಿ. ಹತ್ತು ವರ್ಷ ಸಣ್ಣ ವಯಸ್ಸೇನಲ್ಲ.

ದುಡ್ಡಿನ ಮಾತು ಚಿಕ್ಕದಾಗಿ. 2023ರ ಮಹಿಳಾ ವಿಶ್ವಕಪ್‌ಗೆ ಯುರೋಪಿನ ವಾಹಿನಿಗಳು ಕೊಡಲು ಬಂದದ್ದು 10 ಲಕ್ಷದಿಂದ 1 ಕೋಟಿ ಡಾಲರ್, ಗಂಡಸರ ವಿಶ್ವಕಪ್‌ಗಾದರೆ 10ರಿಂದ 20 ಕೋಟಿ ಕೊಡುತ್ತಾರೆ ಅಂತ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಅಧ್ಯಕ್ಷ ಜಿಯಾನಿ ಇನ್‌ಫಾಂಟಿನೊ ಬಹಿರಂಗವಾಗಿ ಹೇಳಿದ್ದರು. ನೋಡುವವರ ಸಂಖ್ಯೆ ಮಾತ್ರ ಗಂಡಸರದ್ದರ ಅರ್ಧಕ್ಕಿಂತ ಹೆಚ್ಚು ಅನ್ನುವುದು ಅವರ ಲೆಕ್ಕ. ಟೂರ್ನಿಗೆ ಒಂದು ತಿಂಗಳಷ್ಟೇ ಇರುವಾಗ ಒಪ್ಪಂದವಾಯಿತು. ಅದೇ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಗೋಲ್‌ಕೀಪರ್ ಮೇರಿ ಅರ್ಪ್ಸ್ ಧರಿಸಿದ ಜೆರ್ಸಿಯನ್ನು ನೈಕಿ ಮಾರಾಟಕ್ಕೇ ಇಟ್ಟಿರಲಿಲ್ಲ. ಒಂದೂವರೆ ಲಕ್ಷದಷ್ಟು ಜನ ಮನವಿಗೆ ಸಹಿ ಹಾಕಿದರು. ಕೊನೆಗೆ ಸ್ವಲ್ಪ ಜೆರ್ಸಿ ಮಾರಾಟಕ್ಕೆ ಬಿಟ್ಟಾಗ ಕೂಡಲೇ ಖಾಲಿ. ನನ್ನ ಏಳು ಸೆಂಟಿಮೀಟರಿನ ಕಥೆಯೇ ಇದು, ಅಂಗಡಿಯ ಭಾಷೆಯಲ್ಲಿ.

ಈಗ ನಿಮ್ಮ ಊರಿಗೆ ಬರುತ್ತೇನೆ. ರೆಡಿಂಗ್ ಮಹಿಳಾ ತಂಡ 2016ರಿಂದ 2023ರ ತನಕ ದೇಶದ ಅಗ್ರ ಲೀಗ್‌ನಲ್ಲಿ ಆಡುತ್ತಿತ್ತು ಅನ್ನುವುದು ನಿಮ್ಮ ಮಗಳಿಗೆ ಗೊತ್ತಿದೆಯೋ ಇಲ್ಲವೋ. 2023ರಲ್ಲಿ ಕೆಳಗಿಳಿಯಿತು. 2024ರ ಬೇಸಿಗೆಯಲ್ಲಿ ಕ್ಲಬ್‌ನ ಹಣದ ಮುಗ್ಗಟ್ಟಿನಿಂದ ಎರಡನೇ ಹಂತದ ಲೀಗ್‌ನಿಂದಲೇ ಹಿಂದೆ ಸರಿದು ಐದನೇ ಹಂತಕ್ಕೆ ಹೋಯಿತು. ವೆಂಬ್ಲಿಯಲ್ಲಿ 87,192 ಜನ ಕೂಗಿ ಬರೀ ಎರಡು ವರ್ಷವಾಗಿತ್ತು. ಫೈನಲ್ ದಿನದ ಕೋಟಿ ಕಣ್ಣುಗಳು ಒಂದು ಊರಿನ ತಂಡವನ್ನು ಉಳಿಸಲಿಲ್ಲ. ಅದಕ್ಕೇ ನಾನು ಮಾಮೂಲಿ ವಾರದ ವರದಿಗೆ ಇಷ್ಟು ಬಡಿದಾಡುವುದು. ಸ್ಕೈ ವಾಹಿನಿಯವರು ಲೀಗ್‌ಗೆ ಭಾನುವಾರ ಮಧ್ಯಾಹ್ನ 12ರ ಹೊತ್ತು ಕೊಟ್ಟಿದ್ದಾರೆ. ಕಾಯಂ ಹೊತ್ತು ಇರುವುದು ಒಳ್ಳೆಯದೇ, ಆದರೆ ಹುಡುಗಿಯರ ಲೀಗ್ ನಡೆಯುವುದೂ ಭಾನುವಾರ ಬೆಳಿಗ್ಗೆಯೇ. ನಿಮ್ಮ ಮಗಳು ಕೆಸರಿನ ಶೂ ಬಿಚ್ಚಿ ಸ್ನಾನ ಮುಗಿಸುವಷ್ಟರಲ್ಲಿ ಮೊದಲರ್ಧ ಮುಗಿದಿರುತ್ತದೆ. ಇದರ ಬಗ್ಗೆ ವಾಹಿನಿಗೆ ಬರೆಯಿರಿ. ಬರೆದವರು ಸಿಕ್ಕರೆ ಡೆಸ್ಕ್‌ನವರು ಎಣಿಸುತ್ತಾರೆ, ಅದು ನನಗೆ ಗೊತ್ತು.

ಮಗಳಿಗೆ ಹೇಳಬೇಕಾದದ್ದು: ಅವಳ ಆಟ ಬೇಕಾದವರು ಇದ್ದಾರೆ, ನೂರು ವರ್ಷದ ಹಿಂದೆಯೂ ಇದ್ದರು. ಗುಡಿಸನ್ ಪಾರ್ಕ್ ಕಥೆ ಹೇಳಿ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ಓದಲು ಬಂದು ವೆಸ್ಟ್ ಹ್ಯಾಮ್ ಕ್ಲಬ್‌ಗೆ ಗೋಲ್ ಕಾಯ್ದ ಅದಿತಿ ಚೌಹಾಣ್ ಹೆಸರು ಹೇಳಿ, ಟಾಟನ್‌ಹ್ಯಾಮ್, ಫುಲ್‌ಹ್ಯಾಮ್‌ಗೆ ಆಡಿ ಆಮೇಲೆ ನಮ್ಮ ಕರ್ನಾಟಕ ತಂಡದ ನಾಯಕಿಯಾದ ತನ್ವಿ ಹನ್ಸ್ ಹೆಸರು ಹೇಳಿ.

ಯಜಮಾನರಿಗೆ ಏನೂ ಹೇಳಬೇಡಿ. ಒಂದು ಭಾನುವಾರ ಮೂವರೂ ರೆಡಿಂಗ್ ಮಹಿಳೆಯರ ಪಂದ್ಯಕ್ಕೆ ಹೋಗಿ, ಅಂಚಿನಲ್ಲೇ ನಿಂತು ನೋಡಿ, ಅಲ್ಲಿ ಕ್ಯಾಮೆರಾದ ಹಂಗಿಲ್ಲ. ಮನೆಗೆ ಬಂದ ಮೇಲೆ ಮಗಳ ಕೈಯಲ್ಲಿ ಕನ್ನಡದಲ್ಲಿ ಒಂದು ವರದಿ ಬರೆಸಿ: ಗೋಲು ಯಾರದು, ಎಷ್ಟನೇ ನಿಮಿಷ, ಪಾಸ್ ಕೊಟ್ಟದ್ದು ಯಾರು, ತಪ್ಪು ಮಾಡಿದ್ದು ಯಾರು. ಅಕ್ಷರ ತಪ್ಪಾದರೂ ಪರವಾಗಿಲ್ಲ. ಶಿವಮೊಗ್ಗದ ಅಜ್ಜಿಗೆ ಒಂದು ಪ್ರತಿ, ನನಗೊಂದು ಪ್ರತಿ ಕಳಿಸಿ. ನಾನು ತಿದ್ದಿ ಕೊಡುತ್ತೇನೆ, ಒಂದು ಸಾಲನ್ನೂ ಕತ್ತರಿಸುವುದಿಲ್ಲ.